ನಾಯಿಯ ಕೊರಳಿನ ನೂಲು

ಒಂಬತ್ತನೇ ಕಂತು

"ಮುರಿದಿದ್ದು ಎಡಗೈ," ಎಂದ ಪ್ಲಾಮೆನ್, ಬಾಯಲ್ಲಿದ್ದ ತಿಂಡಿಯನ್ನು ನುಂಗಿಕೊಂಡು. "ಮೊಣಕೈ ಮೇಲೆ. ಕಾಲೂ ಉಳುಕಿತ್ತು. ಆದ್ರೆ ಅಷ್ಟಕ್ಕೆಲ್ಲ ಯಾರೂ ಸಾಯಲ್ಲ, ಮೇಡಂ."

ಕಾಫಿ ಬಗ್ಗಿಸುತ್ತಿದ್ದ ರಾಯ್ನಾಳ ಕೈ ಅಲ್ಲೇ ನಿಂತಿತು.

"ಮತ್ತೆ ಹೇಗೆ ಸತ್ತ?"

"ಚಳಿಗೆ. ಹಸಿವಿಗೆ. ನಿಧಾನವಾಗಿ." ಪ್ಲಾಮೆನ್ ಮಡಿಚಿದ್ದ ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟ. "ಮೂರು ದಿನ ಅಂತೂ ಬದುಕಿದ್ದ ಅಂತ ಡಾಕ್ಟ್ರು ಬರ್ದಿದಾರೆ. ನಾಲ್ಕೂ ಇರಬಹುದು, ಐದೂ ಇರಬಹುದು. ಉಗುರಲ್ಲೆಲ್ಲ ಕೆಮ್ಮಣ್ಣು. ಕೋಟಿನ ಜೇಬಲ್ಲಿ ಜೇನಿನ ಮೇಣದ ಚೂರಿತ್ತು, ಅದರ ಮೇಲೆ ಹಲ್ಲಿನ ಗುರುತು. ಮೇಣ ಚೀಪಿಕೊಂಡು ಕೂತಿದ್ದ, ಪಾಪ."

ಮೇಜಿನಡಿ ಮಲಗಿದ್ದ ನಾಯಿ ಒಮ್ಮೆ ಬಾಲ ಬಡಿದು ಸುಮ್ಮನಾಯಿತು. ಅದರ ಯಜಮಾನನ ಸಾವಿನ ವರದಿ ಅದರ ತಲೆಯ ಮೇಲೇ ಓದಲಾಗುತ್ತಿತ್ತು.

ಹನ್ನೊಂದು ದಿನದ ಹಿಂದೆ ಗುಡ್ಡದಾಚೆಯ ದಿಬ್ಬದಲ್ಲಿ, ನಿಧಿಗಳ್ಳರು ತೋಡಿಬಿಟ್ಟ ಗುಂಡಿಯೊಳಗೆ ಜೇನು ಸಾಕುವ ಮಿಂಚೋ ತಾತನ ಹೆಣ ಸಿಕ್ಕಾಗಿನಿಂದ ಗೋರ್ನಾ ಲಿಪಾ ಊರಿನವರ ಬಾಯಿಗೆ ಬೇರೆ ಮಾತೇ ಇರಲಿಲ್ಲ. ರಾಯ್ನಾ ಜಿಲ್ಲಾ ಪೊಲೀಸಿನಲ್ಲಿ ಇಪ್ಪತ್ತೆಂಟು ವರ್ಷ ತನಿಖೆ ಮಾಡಿ, ನಿವೃತ್ತಳಾಗಿ ಅಜ್ಜಿಯ ಮನೆಗೆ ಬಂದು ಕೂತವಳು. ಪ್ಲಾಮೆನ್ ಅವಳ ಕೈಕೆಳಗೆ ಪಳಗಿದವನು. ಅವಳು ಕೆಲಸ ಬಿಟ್ಟು ಐದು ವರ್ಷವಾಗಿದ್ದರೂ ಅವನ ಬಾಯಲ್ಲಿ ಅವಳು ಇನ್ನೂ ಮೇಡಂ.

"ಗುಂಡಿ ಗೋಡೆಯಲ್ಲಿ ಏಣಿ ಒರಗಿಸಿದ ಗುರುತಿದೆ," ಎಂದ ಅವನು. "ಏಣಿ ಮಾತ್ರ ಇಲ್ಲ. ಅಂದ್ರೆ ಅವನು ಕೆಳಗಿರುವಾಗಲೇ ಯಾರೋ ಎಳ್ಕೊಂಡಿದಾರೆ. ಬೇಟೆಗಾರ ಬೊರಿಲ್ ಮೇಲೆ ನಂಗೆ ಮೊದಲಿಂದ್ಲೂ ಕಣ್ಣಿತ್ತು. ಹಾರೆ, ಏಣಿ, ಜೀಪು, ಎಲ್ಲ ಇರೋದು ಅವನ ಹತ್ರಾನೇ."

"ಇತ್ತು ಅಂದ್ರೆ? ಈಗಿಲ್ವಾ?"

"ಏನ್ಮಾಡ್ಲಿ? ತಾತನ್ನ ಕೊನೆಗೆ ನೋಡಿದ್ದು ಫೆಬ್ರವರಿ ಇಪ್ಪತ್ತಾರಕ್ಕೆ, ಬ್ರೆಡ್ ವ್ಯಾನಿನವನು. ಆಮೇಲೆ ಹಿಮ ಬಿದ್ದು ಫೋನ್ ತಂತಿ ಹರೀತು. ಬೊರಿಲ್ ಮಾರ್ಚ್ ಒಂದರ ಸಂಜೆವರೆಗೂ ವಾರ್ನಾ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಮಲಗಿದ್ದ. ಕಾಗದ ಪತ್ರ ಎಲ್ಲ ಸರಿಯಾಗಿದೆ. ಹೆಣ ಹೆಪ್ಪುಗಟ್ಟಿದ್ದರಿಂದ ಸತ್ತ ದಿನ ಹೇಳೋಕಾಗಲ್ಲ ಅಂತ ಡಾಕ್ಟ್ರು ಕೈಯೆತ್ತಿದ್ರು. ನಾವು ಇಪ್ಪತ್ತಾರು ಅಂತಲೇ ಬರ್ಕೊಂಡ್ವಿ."

ರಾಯ್ನಾ ಲೋಟವನ್ನು ಅವನ ಮುಂದೆ ಇಟ್ಟಳು. ಕಾಫಿ ತಟ್ಟೆಗೆ ತುಳುಕಿತು.

"ನಾಯಿ ನಿಮಗೆ ಸಿಕ್ಕಿದ್ದು ಇಪ್ಪತ್ಮೂರನೇ ತಾರೀಕು ಅಲ್ವಾ?" ಎಂದ ಪ್ಲಾಮೆನ್, ಬಗ್ಗಿ ನಾಯಿಯ ಕಿವಿ ಸವರುತ್ತ. "ಹತ್ತಿರ ಹತ್ತಿರ ಒಂದು ತಿಂಗಳು ಗುಂಡಿ ಬಾಯಲ್ಲಿ ಕಾದಿದೆ ಇದು. ಎಂಥಾ ಪ್ರಾಣಿ!"

ಈಗ ಹೇಳಬಹುದಿತ್ತು. ನಾಲ್ಕೇ ಮಾತು ಸಾಕಿತ್ತು.

"ಹೂಂ," ಎಂದಳು ರಾಯ್ನಾ.

"ನಾಳೆ ನಲವತ್ತನೇ ದಿನದ ಪೂಜೆ. ಅದು ಮುಗಿಯೋವರೆಗೂ ತಾತನ ಮಗಳಿಗೆ ಈ ವರದಿ ವಿಷಯ ಹೇಳ್ಬೇಡಿ, ಮೇಡಂ. ಬಿದ್ದ ಕೂಡಲೇ ಪ್ರಾಣ ಹೋಯ್ತು ಅಂದ್ಕೊಂಡಿದಾಳೆ. ಅಷ್ಟಾದ್ರೂ ಸಮಾಧಾನ ಇರ್ಲಿ."

ಅವನು ತಟ್ಟೆ ಖಾಲಿ ಮಾಡಿ ಹೊರಟುಹೋದ. ಅವನ ಕಾರು ತಿರುವಿನಾಚೆ ಮರೆಯಾಗುವವರೆಗೂ ರಾಯ್ನಾ ನಿಂತಲ್ಲೇ ನಿಂತಿದ್ದಳು. ಆಮೇಲೆ ಹಿತ್ತಲ ಬಾಗಿಲ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಬಾಗಿಲಿನ ಕೆಳಭಾಗದ ಹಸಿರು ಬಣ್ಣದ ಮೇಲೆ ಬೆರಳಾಡಿಸಿದಳು. ಬಣ್ಣ ಹೊಸದು. ಅದರಡಿಯ ಗೀರುಗಳು ಬೆರಳಿಗೆ ಚೆನ್ನಾಗಿಯೇ ತಾಗಿದವು.

*

ನಾಯಿ ಬಂದದ್ದು ಮಾರ್ಚ್ ಮೂರರ ಸಂಜೆ. ರಾಷ್ಟ್ರೀಯ ದಿನ, ದೇಶಕ್ಕೆಲ್ಲ ರಜೆ, ಪಂಚಾಯ್ತಿ ಕಚೇರಿಯ ಮೇಲೆ ಬಾವುಟ, ಬಾಗಿಲಿಗೆ ಬೀಗ. ಆ ಬೀಗವೇ ಅವಳಿಗೆ ಸಿಕ್ಕ ಮೊದಲ ನೆಪ. ಕಚೇರಿ ತೆರೆದ ಮೇಲೆ ತಿಳಿಸಿದರಾಯಿತು ಎಂದುಕೊಂಡಳು.

ಗೇಟಿನ ಬಳಿ ನಿಂತಿತ್ತು. ಕಂದು ಮೈ, ಒಂದು ಕಿವಿ ಕಪ್ಪು. ಹೊಟ್ಟೆಯಿಂದ ಕಾಲಿನವರೆಗೆ ಕೆಮ್ಮಣ್ಣು ಮೆತ್ತಿತ್ತು. ಕೊರಳಲ್ಲಿ ಪಟ್ಟಿ ಇರಲಿಲ್ಲ. ಒಂದು ಹುರಿಯಲ್ಲಿ ಮಾರ್ತೆನಿತ್ಸಾ ನೇತಾಡುತ್ತಿತ್ತು. ಬಿಳಿ ನೂಲಿನ ಗಂಡು ಗೊಂಬೆ, ಕೆಂಪು ನೂಲಿನ ಹೆಣ್ಣು ಗೊಂಬೆ, ಎರಡೂ ಹೆಬ್ಬೆರಳಿನ ಗಾತ್ರ, ಜೊತೆಗೊಂದು ಸೇಫ್ಟಿ ಪಿನ್ನು. ಮಾರ್ಚ್ ಒಂದನೇ ತಾರೀಕು ಎಲ್ಲರೂ ಒಬ್ಬರಿಗೊಬ್ಬರು ಕಟ್ಟುವುದು ಅದನ್ನೇ. ಕುರಿಗೂ ಕಟ್ಟುತ್ತಾರೆ, ಕತ್ತೆಗೂ ಕಟ್ಟುತ್ತಾರೆ, ನಾಯಿಗೆ ಕಟ್ಟಿದರೆ ಅದರಲ್ಲೇನು ವಿಶೇಷ?

ವಿಶೇಷವಿತ್ತು. ಅದನ್ನು ಅವಳ ಕಣ್ಣು ಕಂಡಿತ್ತು, ಮನಸ್ಸು ಬೇಡವೆಂದಿತ್ತು.

ಹುರಿಯ ಗಂಟು ಒರಟಾಗಿತ್ತು. ಒಂದು ತುದಿ ಎಂಜಲಲ್ಲಿ ನೆನೆದು, ಹಲ್ಲಲ್ಲಿ ಕಚ್ಚಿ ಎಳೆದಂತೆ ಚಪ್ಪಟೆಯಾಗಿತ್ತು. ಎರಡು ಕೈ ನೆಟ್ಟಗಿದ್ದವನು ಹಲ್ಲಿನಿಂದ ಗಂಟು ಹಾಕುವುದಿಲ್ಲ. ಇಪ್ಪತ್ತೆಂಟು ವರ್ಷ ಇಂಥದನ್ನೇ ನೋಡಿ ಸಂಬಳ ತೆಗೆದುಕೊಂಡ ಹೆಂಗಸು ಅವತ್ತು ಮಾಡಿದ್ದಾದರೂ ಏನು? ನೀರು ಕಾಯಿಸಿ, ನಾಯಿಯನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಆ ದಿಬ್ಬದಲ್ಲಿ ಬಿಟ್ಟು ಸುತ್ತಮುತ್ತ ಬೇರೆಲ್ಲೂ ಇಲ್ಲದ ಕೆಮ್ಮಣ್ಣನ್ನು ಹಾಡು ಗುನುಗುತ್ತ ತೊಳೆದುಬಿಟ್ಟಳು. ಮಾರ್ಚಿನಲ್ಲಿ ಬಂತೆಂದು ಮಾರ್ಚೋ ಎಂದು ಹೆಸರನ್ನೂ ಇಟ್ಟಳು.

ಆ ರಾತ್ರಿ ಅದು ಬಾಗಿಲು ಕೆರೆಯಿತು. ಗುಡ್ಡದ ಕಡೆ ಮೂತಿ ಮಾಡಿ ಊಳಿಟ್ಟಿತು. ಮರುದಿನ ಗೇಟು ತೆರೆದರೆ ನಾಲ್ಕು ಹೆಜ್ಜೆ ಓಡಿ, ತಿರುಗಿ ಅವಳನ್ನು ನೋಡಿ, ಮತ್ತೆ ನಾಲ್ಕು ಹೆಜ್ಜೆ ಓಡಿತು. ಓಡಿಹೋಗುತ್ತದೆ, ಬಿಟ್ಟರೆ ಸಿಕ್ಕುವುದಿಲ್ಲ ಎಂದು ಅವಳಿಗೆ ದಿಗಿಲಾಯಿತು. ಹಗ್ಗ ಹಾಕಿ ಒಳಗೆ ಎಳೆದು ತಂದು ಚಿಲಕ ಹಾಕಿದಳು.

ಐದನೇ ತಾರೀಕು ಬೊರಿಲ್ ಸೌದೆ ತಂದ. ಊರಿನ ಬೇಟೆಗಾರರ ಮುಖಂಡ, ಐವತ್ತರ ಗಟ್ಟಿ ಆಸಾಮಿ. ಹಿಮ ಬಿದ್ದರೆ ಮೊದಲು ದಾರಿ ಬಿಡಿಸುವವನು, ಯಾರು ಸತ್ತರೂ ತಿಥಿ ಊಟಕ್ಕೆ ಮೊದಲು ಬೆಂಚು ಹೊರುವವನು. ಅವನನ್ನು ಕಂಡು ನಾಯಿ ಬೊಗಳಲಿಲ್ಲ. ಬಾಲ ಮುದುರಿಕೊಂಡು ಸೌದೆ ಗಾಡಿಯಡಿ ನುಸುಳಿತು.

"ಒಳ್ಳೆ ನಾಯಿ," ಎಂದಿದ್ದ ಬೊರಿಲ್. "ಯಾರೋ ಪೇಟೆಯವರು ತಂದು ಬಿಟ್ಟು ಹೋಗಿರ್ತಾರೆ. ಇಟ್ಕೊಳ್ಳಿ ಅಕ್ಕ. ಚೀಟಿ ಗೀಟಿ ಅಂಟಿಸೋಕೆ ಹೋಗ್ಬೇಡಿ, ನಂದು ನಂದು ಅಂತ ಹತ್ತು ಜನ ಬರ್ತಾರೆ."

ಅವಳಿಗೆ ಬೇಕಾಗಿದ್ದುದೂ ಅದೇ ಮಾತು. ಅವನಿಗೆ ಒಂದು ಬಾಟಲಿ ರಕಿಯಾ ಸಾರಾಯಿ ಕೊಟ್ಟು ಕಳಿಸಿದ್ದಳು.

ಆರನೇ ತಾರೀಕಿನ ಸಂಜೆಯಿಂದ ನಾಯಿ ಬಾಗಿಲು ಕೆರೆಯುವುದನ್ನು ನಿಲ್ಲಿಸಿತು. ಅಂತೂ ಈ ಮನೆಗೆ ಒಗ್ಗಿಕೊಂಡಿತು ಎಂದು ಅವಳು ಹಿಗ್ಗಿದಳು. ಅದು ಯಾಕೆ ಸುಮ್ಮನಾಯಿತೆಂದು ಪ್ಲಾಮೆನ್‌ನ ಕಾಗದ ನೋಡಿದ ಈ ಬೆಳಿಗ್ಗೆ ಅವಳಿಗೆ ಅರ್ಥವಾಗಿತ್ತು.

ಪ್ಲಮ್ ಮರ ಹೂ ಬಿಟ್ಟದ್ದು ಇಪ್ಪತ್ತೊಂದಕ್ಕೆ. ಹೂ ಕಂಡ ಮೇಲೆ ಮಾರ್ತೆನಿತ್ಸಾ ಬಿಚ್ಚಿ ಕೊಂಬೆಗೆ ಕಟ್ಟುವುದು ಪದ್ಧತಿ. ತನ್ನ ಕೈಯದನ್ನು ಕಟ್ಟಿದಳು, ಪಕ್ಕದಲ್ಲೇ ನಾಯಿಯದನ್ನೂ ಕಟ್ಟಿದಳು. ದಿನವೂ ಕಿಟಕಿಯಿಂದ ಆ ಗೊಂಬೆಗಳು ಕಾಣತೊಡಗಿದವು. ಯಾವುದೋ ಕೈ ಪ್ರೀತಿಯಿಂದ ಸುತ್ತಿದ ನೂಲು. ಮೂರು ದಿನ ತಡೆದುಕೊಂಡಳು. ನಾಲ್ಕನೇ ದಿನ, ಇಪ್ಪತ್ನಾಲ್ಕಕ್ಕೆ, ಚೀಟಿ ಬರೆದಳು. ಇಷ್ಟು ದಿನ ಸುಮ್ಮನಿದ್ದಳೆಂದು ಜನ ಆಡಿಕೊಂಡಾರೆಂದು 'ನಿನ್ನೆ ಸಿಕ್ಕಿದ ನಾಯಿ' ಎಂದು ಬರೆದು ಕಂಬಕ್ಕೆ ಅಂಟಿಸಿದಳು.

ಚೀಟಿ ಅಂಟಿಸಿ ಒಂದು ಗಂಟೆಯೊಳಗೆ ಬ್ರೆಡ್ ವ್ಯಾನಿನವನು ಓದಿ ಹೇಳಿದ, ಇದು ಗುಡ್ಡದ ಮೇಲಿನ ಮಿಂಚೋ ತಾತನ ಷಾರೊ ಅಲ್ಲವೇ? ಮರುದಿನ ಜನ ಗುಡ್ಡ ಹತ್ತಿದರು. ನಾಯಿಯೇ ಮುಂದೆ ನಡೆದು ಗುಂಡಿ ತೋರಿಸಿತು.

ಒಂದು ಗಂಟೆ. ನಾಲ್ಕನೇ ತಾರೀಕೇ ಆ ಚೀಟಿ ಅಂಟಿಸಿದ್ದರೆ?

ಈಗ ಅದೇ ಕಂಬದ ಮೇಲೆ ಅವಳ ಚೀಟಿಗೆ ಒತ್ತಿಕೊಂಡು ಮಿಂಚೋ ತಾತನ ಸಾವಿನ ಚೀಟಿ ಇತ್ತು. ಕಪ್ಪು ಅಂಚು, ನಗುಮುಖದ ಫೋಟೋ, ಕೆಳಗೆ ಫೆಬ್ರವರಿ ಇಪ್ಪತ್ತಾರು. ಒಂದು ಸುಳ್ಳು ತಾರೀಕು ಇನ್ನೊಂದು ಸುಳ್ಳು ತಾರೀಕನ್ನು ಹೆತ್ತಿತ್ತು. ನಾಳಿನ ನಲವತ್ತನೇ ದಿನದ ಪೂಜೆಯೂ ತಪ್ಪು ದಿನವೇ.

*

ಮೊದಲು ಕಲಿನಾಳ ಮುಂದೆ ಹೋಗಿ ನಿಲ್ಲಬೇಕಿತ್ತು. ಸತ್ತವನ ಮಗಳು ಅವಳು. ರಾಯ್ನಾಳ ಕಾಲು ಆ ಕಡೆ ಏಳಲಿಲ್ಲ. ಬೊರಿಲ್‌ನ ಬಾಯಿಯಿಂದ ನಿಜ ಕಕ್ಕಿಸಿದರೆ ತನ್ನ ಸುಳ್ಳಿನ ಸುದ್ದಿ ಎತ್ತದೆಯೇ ಕೆಲಸ ಮುಗಿದೀತು ಎಂಬ ಆಸೆ ಮೂಡಿತು. ಹೇಡಿತನಕ್ಕೆ ತನಿಖೆಯ ಅಂಗಿ ತೊಡಿಸುವುದು ಅವಳಿಗೆ ಎಷ್ಟಾದರೂ ಅಭ್ಯಾಸವಿದ್ದ ಕೆಲಸ.

ಬೊರಿಲ್ ತಾನಾಗಿಯೇ ಬಂದ. ನಾಳಿನ ಊಟಕ್ಕೆ ಅವಳ ಹಿತ್ತಲಿನ ಎರಡು ಬೆಂಚು ಬೇಕಾಗಿದ್ದವು. ಅವನ ಜೀಪಿನ ಸದ್ದಿಗೆ ನಾಯಿ ಒಳಮನೆಯ ಮಂಚದಡಿ ಸೇರಿಕೊಂಡಿತು.

"ಕಣ್ಣು ಹೇಗಿದೆ ಬೊರಿಲ್?"

"ದೇವರ ದಯೆ ಅಕ್ಕ, ಈಗ ಇರುವೆ ಕಾಲೂ ಕಾಣ್ಸುತ್ತೆ."

"ಐದನೇ ತಾರೀಕೂ ಚೆನ್ನಾಗೇ ಕಾಣ್ತಿತ್ತಲ್ವಾ?"

ಬೆಂಚಿಗೆ ಕೈ ಹಾಕಿದ್ದವನು ನೆಟ್ಟಗೆ ನಿಂತ.

"ಪ್ರತಿ ವರ್ಷ ಜೇನು ಕೀಳೋಕೆ ಮಿಂಚೋ ತಾತನ ಮನೆಗೆ ಹೋಗ್ತಿದ್ದೆ ನೀನು," ಎಂದಳು ರಾಯ್ನಾ. "ನಾಯಿ ನಿನ್ನ ಬೂಟಿನ ಮೇಲೇ ತಲೆ ಇಟ್ಟು ಮಲಗ್ತಿತ್ತಂತೆ. ಕಲಿನಾ ಹೇಳಿದ್ಳು ನಿನ್ನೆ. ಮತ್ತೆ ನನ್ನ ಗೇಟಲ್ಲಿ ಅದರ ಗುರುತು ಸಿಗಲಿಲ್ವಾ ನಿಂಗೆ? ಪೇಟೆಯವರು ಬಿಟ್ಟು ಹೋದ ನಾಯಿ ಅಂದ್ಯಲ್ಲ?"

"ಮೈ ತೊಳೆದು ಬಾಚಿ ನಿಲ್ಸಿದ್ರಿ. ಯಾರಿಗೆ ಗುರುತು ಸಿಗುತ್ತೆ?"

"ಕಪ್ಪು ಕಿವಿನೂ ತೊಳೆದಿದ್ನಾ ನಾನು?"

ಬೊರಿಲ್ ನಕ್ಕ. ಆ ನಗೆ ಊರಿಗೆಲ್ಲ ಇಷ್ಟವಾದ ನಗೆ. "ಅಕ್ಕ, ಬಿಸಿಲಿಗೆ ತಲೆ ಕಾದಿದೆ ನಿಮಗೆ. ತಾತ ಬಿದ್ದಿದ್ದು ಫೆಬ್ರವರಿಯಲ್ಲಿ. ನಾನು ವಾರ್ನಾದಲ್ಲಿದ್ದೆ."

"ಮಾರ್ಚ್ ಒಂದಕ್ಕೆ ತಾತ ಬದುಕಿದ್ದ. ನಾಯಿ ಕೊರಳಲ್ಲಿ ಮಾರ್ತೆನಿತ್ಸಾ ಇತ್ತು. ಒಂದನೇ ತಾರೀಕಿಗೆ ಮುಂಚೆ ಅದನ್ನ ಯಾವನು ಕಟ್ತಾನೆ? ಅಪಶಕುನ ಅಂತ ಪೆಟ್ಟಿಗೆಯಿಂದ ತೆಗೆಯೋದೂ ಇಲ್ಲ."

"ಎಲ್ಲಿದೆ ಅದು?"

ಇಲ್ಲಿ ಅವಳು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಬೇರೆಯೇ ದಾರಿ ಹಿಡಿಯುತ್ತಿತ್ತು. ಆದರೆ ಸಾಕ್ಷಿಯನ್ನು ಆರೋಪಿಯ ಮುಖಕ್ಕೆ ಹಿಡಿಯುವ ಹಳೆಯ ಹೆಮ್ಮೆ ಅವಳ ಕೈಯನ್ನು ಎತ್ತಿಸಿತು. ಪ್ಲಮ್ ಮರದ ಕೆಳಗಿನ ಕೊಂಬೆ ತೋರಿಸಿದಳು.

ಬೊರಿಲ್ ನಿಧಾನವಾಗಿ ಮರದ ಬಳಿ ಹೋದ. ಹೂವಿನ ನಡುವೆ ತೂಗುತ್ತಿದ್ದ ಎರಡು ಗೊಂಬೆಗಳನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಹೊಸಕಿ ನೋಡಿದ.

"ಗೇಣುದ್ದ ನೂಲು," ಎಂದ. "ಇದನ್ನ ಹಿಡ್ಕೊಂಡು ಕೋರ್ಟಿಗೆ ಹೋಗ್ತೀರಾ? ನಾಯಿ ನಿಮಗೆ ಯಾವತ್ತು ಸಿಕ್ತು ಅಂತ ಜಡ್ಜು ಕೇಳ್ತಾನೆ. ಏನಂತೀರಿ? ಊರಿನ ಕಂಬದ ಮೇಲೆ ನಿಮ್ಮ ಕೈಬರಹ ಇದೆ. ಪ್ಲಾಮೆನ್ ಬರ್ಕೊಂಡ ಹೇಳಿಕೆ ಕೆಳಗೆ ನಿಮ್ಮ ಸಹಿ ಇದೆ."

"ಸುಳ್ಳು ಹೇಳಿದ್ದೆ ಅಂತೀನಿ."

"ಹೇಳಿ. ಆ ಹುಡುಗಿಗೂ ಹೇಳಿ. ನಿನ್ನಪ್ಪ ಗುಂಡಿಯಲ್ಲಿ ಕೂಗ್ತಿದ್ದಾಗ ಅವನ ನಾಯಿ ನನ್ನ ಬಾಗಿಲು ಕೆರೀತಿತ್ತು, ನಾನು ಚಿಲಕ ಹಾಕ್ಕೊಂಡು ಮಲಗಿದ್ದೆ ಅಂತ." ಅವನ ದನಿ ಏರಲಿಲ್ಲ. ಸೌದೆ ಲೆಕ್ಕ ಹೇಳುವಷ್ಟೇ ಸಲೀಸಾಗಿತ್ತು. "ಗೀರುಗಳನ್ನ ನಾನೇ ನೋಡಿದೀನಿ ಅಕ್ಕ. ಐದನೇ ತಾರೀಕು. ಈಗ ಬಣ್ಣ ಬಳಿದಿದೀರಿ. ನನ್ನನ್ನ ಕೇಳೋ ಮೊದಲು ಅದನ್ನ ಕೆರೆದು ನೋಡ್ಕೊಳ್ಳಿ."

ಅವನು ಹೇಳಿದ್ದರಲ್ಲಿ ತೆಗೆದುಹಾಕುವಂಥ ಒಂದಕ್ಷರವೂ ಇರಲಿಲ್ಲ. ಒಳಗೆ ನಾಯಿ ಊಳಿಟ್ಟಿತು, ಏನೋ ಬಿದ್ದು ಒಡೆದ ಸದ್ದಾಯಿತು. ಅವಳು ಒಳಗೆ ಓಡಿದಳು. ನೆಲದ ಮೇಲೆ ಪ್ಲಾಮೆನ್ ಕುಡಿದಿಟ್ಟ ಲೋಟದ ಚೂರುಗಳು. ನಾಯಿ ಕಿಟಕಿಯ ಮೇಲೆ ಮುಂಗಾಲು ಇಟ್ಟು, ಮರದ ಕಡೆಗೇ ನೋಡುತ್ತ ಹಲ್ಲು ಕಿರಿಯುತ್ತಿತ್ತು.

ಅವಳು ಹೊರಗೆ ಬರುವಷ್ಟರಲ್ಲಿ ಬೊರಿಲ್ ಎರಡೂ ಬೆಂಚುಗಳನ್ನು ಜೀಪಿಗೆ ಹಾಕಿ ಆಗಿತ್ತು.

"ನಾಳೆ ಹನ್ನೊಂದಕ್ಕೆ ಪೂಜೆ. ತಡ ಮಾಡ್ಬೇಡಿ ಅಕ್ಕ," ಎಂದು ಕೈಬೀಸಿ ಹೊರಟ.

*

ಕಲಿನಾ ಬಂದದ್ದು ಮಧ್ಯಾಹ್ನ. ಸೋಫಿಯಾದಲ್ಲಿ ಟ್ರಾಮ್ ಓಡಿಸುವ ಹೆಂಗಸು, ನಲವತ್ತರ ಆಸುಪಾಸು, ಅಗಲ ಭುಜ, ಗಟ್ಟಿ ಕೈ. ಪೂಜೆಯ ಗೋಧಿ ಬೇಯಿಸುವುದಕ್ಕೆ ದೊಡ್ಡ ಪಾತ್ರೆ ಕೇಳಲು ಬಂದಿದ್ದಳು.

"ಷಾರೊ!" ಎಂದಳು. ನಾಯಿ ಓಡಿ ಬಂದು ಅವಳ ಸುತ್ತ ಸುತ್ತಿತು. "ಚಿಕ್ಕಮ್ಮ, ಇವನನ್ನ ನೀವೇ ಇಟ್ಕೊಳ್ಳಿ. ನನ್ನದು ಐದನೇ ಮಹಡಿ. ನಿಮ್ಮಷ್ಟು ಚೆನ್ನಾಗಿ ನಾನು ನೋಡ್ಕೊಳ್ಳೋಕಾಗಲ್ಲ. ನಿಮ್ಮ ಚೀಟಿ ಇರದಿದ್ರೆ ಅಪ್ಪ ಇನ್ನೂ ಅಲ್ಲೇ ಇರ್ತಿದ್ದ."

ತಲೆಗೆ ಬಡಿದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು. ರಾಯ್ನಾ ಪಾತ್ರೆಯನ್ನು ಕೊಟ್ಟಳು, ಕೈಯನ್ನು ಮಾತ್ರ ಬಿಡಲಿಲ್ಲ.

ಕಲಿನಾ ಮಾತಾಡುತ್ತಲೇ ಇದ್ದಳು. "ಒಂದೇ ಬೇಜಾರು ನಂಗೆ. ಅಮ್ಮನ ಮಗ್ಗ ಮಾರಿದ್ದಕ್ಕೆ ಎರಡು ವರ್ಷ ನಮ್ಮಿಬ್ಬರಿಗೂ ಮಾತಿರಲಿಲ್ಲ. ಈ ಸಲ ನಾನೇ ಸೋತು ಒಂದು ಮಾರ್ತೆನಿತ್ಸಾ ಮಾಡಿ ಅಂಚೆಗೆ ಹಾಕಿದ್ದೆ. ಮನೆಯಲ್ಲಿ ಲಕೋಟೆ ಇದೆ, ಒಡೆದಿದೆ, ಒಳಗಿಂದು ಇಲ್ಲ. ಮೈಮೇಲೂ ಇರಲಿಲ್ಲ. ಮಾರ್ಚ್ ಬರೋ ಮೊದಲೇ ಹೋದ್ನಲ್ಲ, ಹಾಕ್ಕೊಳ್ಳೋ ಮಾತೆಲ್ಲಿ? ಸಿಟ್ಟಲ್ಲಿ ಒಲೆಗೆ ಹಾಕಿರ್ತಾನೆ. ಅಷ್ಟೇ ಋಣ ಅಂದ್ಕೊಂಡೆ."

"ಅದು ಹೇಗಿತ್ತು?" ಎಂದಳು ರಾಯ್ನಾ.

"ಎರಡು ಗೊಂಬೆ. ಕೋಟಿಗೆ ಸಿಕ್ಕಿಸ್ಕೊಳ್ಳಲಿ ಅಂತ ಪಿನ್ನು ಹಾಕಿದ್ದೆ."

ನಾಯಿ ಇಬ್ಬರ ನಡುವೆ ಕೂತು ಒಮ್ಮೆ ಇವಳನ್ನೂ ಒಮ್ಮೆ ಅವಳನ್ನೂ ನೋಡಿತು. ಇನ್ನು ತಡೆಯಲು ರಾಯ್ನಾಳಲ್ಲಿ ಶಕ್ತಿಯೂ ಉಳಿದಿರಲಿಲ್ಲ, ಮುಖವೂ ಉಳಿದಿರಲಿಲ್ಲ.

"ನಾಯಿ ನಂಗೆ ಸಿಕ್ಕಿದ್ದು ಇಪ್ಪತ್ಮೂರಕ್ಕಲ್ಲ, ಕಲಿನಾ."

"ಮತ್ತೆ?"

"ಮಾರ್ಚ್ ಮೂರಕ್ಕೆ. ಸಂಜೆ."

ಕಲಿನಾ ತುಟಿಯಲ್ಲೇ ಏನೋ ಎಣಿಸಿದಳು.

"ಚೀಟಿ ಅಂಟಿಸಿದ್ದು ಇಪ್ಪತ್ನಾಲ್ಕಕ್ಕೆ," ಎಂದಳು.

"ಹೌದು. ನಿನ್ನೆ ಸಿಕ್ತು ಅಂತ ಸುಳ್ಳು ಬರೆದೆ. ನಂಗೆ ಇದು ಬೇಕಾಗಿತ್ತು. ಇದರ ಯಜಮಾನ ಸಿಗೋದು ನಂಗೆ ಬೇಡವಾಗಿತ್ತು." ರಾಯ್ನಾ ಉಸಿರೆಳೆದುಕೊಂಡಳು. "ನಿಮ್ಮಪ್ಪ ಬಿದ್ದ ಕೂಡಲೇ ಸಾಯಲಿಲ್ಲ. ಮೂರು ನಾಲ್ಕು ದಿನ ಬದುಕಿದ್ದ ಅಂತ ಡಾಕ್ಟ್ರ ವರದಿ ಬಂದಿದೆ. ನಾಯಿ ನನ್ನ ಗೇಟಿಗೆ ಬಂದಾಗ ಅವನು ಗುಂಡಿಯಲ್ಲಿ ಜೀವಂತ ಇದ್ದ."

ಕಲಿನಾ ಪಾತ್ರೆಯನ್ನು ಸದ್ದಾಗದಂತೆ ನೆಲಕ್ಕಿಟ್ಟಳು.

"ಬಾಗಿಲು ಕೆರೀತಿತ್ತಾ ಇದು?"

"ಕೆರೀತಿತ್ತು."

"ಎಷ್ಟು ದಿನ?"

"ಮೂರು ರಾತ್ರಿ."

"ನಾಲ್ಕನೇ ರಾತ್ರಿ?"

"ಸುಮ್ಮನಾಯ್ತು."

ಹಿತ್ತಲಿನಲ್ಲಿ ಜೇನುನೊಣಗಳ ಗುಂಯ್‌ಗುಟ್ಟುವಿಕೆ ಕೇಳುತ್ತಿತ್ತು. ಪ್ಲಮ್ ಹೂವಿಗೆ ಬಂದ ನೊಣಗಳು. ಕಲಿನಾ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು.

"ನೀವು ಪೊಲೀಸಿನಲ್ಲಿದ್ರಿ ಅಂತಾರೆ," ಎಂದಳು ಕೊನೆಗೆ. ಅಷ್ಟೇ ಅಂದಳು.

"ಇನ್ನೊಂದಿದೆ. ನೀನು ಕಳಿಸಿದ್ದನ್ನ ಅವನು ಒಲೆಗೆ ಹಾಕಲಿಲ್ಲ. ಮಾರ್ಚ್ ಒಂದಕ್ಕೆ ಹಾಕ್ಕೊಂಡಿದ್ದ. ಗುಂಡಿಯಲ್ಲಿ ಬಿದ್ದ ಮೇಲೆ ಕೋಟಿಂದ ಬಿಚ್ಚಿ, ಒಂದೇ ಕೈಯಲ್ಲಿ, ಹಲ್ಲಲ್ಲಿ ಕಚ್ಚಿ ಗಂಟು ಹಾಕಿ ನಾಯಿ ಕೊರಳಿಗೆ ಕಟ್ಟಿದಾನೆ. ನಾಯಿ ಮೈಗೆಲ್ಲ ಗುಂಡಿ ಕೆಮ್ಮಣ್ಣು ಮೆತ್ತಿತ್ತು, ಕೆಳಗೆ ಹಾರಿದ ಅದನ್ನ ಹೆಗಲ ಮೇಲೆ ಹತ್ತಿಸಿ ಹೊರಗೆ ದಾಟಿಸಿರ್ಬೇಕು. ಬಾ, ತೋರಿಸ್ತೀನಿ."

ಮರದ ಬಳಿ ಕಲಿನಾ ಅವಳಿಗಿಂತ ಮೊದಲೇ ತಲುಪಿದಳು. ಕೊಂಬೆಯನ್ನು ಎರಡೂ ಕೈಯಲ್ಲಿ ಬಗ್ಗಿಸಿದಳು. ಗೊಂಬೆಯನ್ನು ಕಂಡವಳೇ ಮುಖವನ್ನು ಹೂವಿನೊಳಗೆ ಹುದುಗಿಸಿ, ಅಷ್ಟೊತ್ತು ಬಾರದ ಅಳುವನ್ನು ಅತ್ತಳು.

"ಹಾಕ್ಕೊಂಡಿದ್ದ," ಎನ್ನುತ್ತಿದ್ದಳು. "ಅಪ್ಪ ಹಾಕ್ಕೊಂಡಿದ್ದ."

ರಾಯ್ನಾ ಅವಳ ಹೆಗಲು ಮುಟ್ಟಲು ಹೋಗಿ ಕೈ ಹಿಂದೆಗೆದಳು. ಆ ಹಕ್ಕು ತನಗಿಲ್ಲ ಎನಿಸಿತು. ಆಗ ಅವಳ ಕಣ್ಣು ಕೊಂಬೆಯ ಮೇಲೆ ಬಿತ್ತು.

ಬಿಳಿ ಗೊಂಬೆ ಮಾತ್ರ ಇತ್ತು. ಕೆಂಪು ಗೊಂಬೆ ಇದ್ದ ಕಡೆ ಹುರಿಯ ತುದಿ ನೇತಾಡುತ್ತಿತ್ತು. ಸವೆದು ಹರಿದದ್ದಲ್ಲ. ಚಾಕುವಿನಿಂದ ನೀಟಾಗಿ ಕತ್ತರಿಸಿದ್ದು.

"ಇದರೊಳಗೆ ಏನೋ ಗಟ್ಟಿ ಇದೆ," ಎಂದಳು ಕಲಿನಾ ಕಣ್ಣೊರೆಸಿಕೊಂಡು. ಬೆರಳು ಗೊಂಬೆಯ ಹೊಟ್ಟೆಯ ಮೇಲಿತ್ತು. "ನಾನು ಬರೀ ನೂಲು ಸುತ್ತಿದ್ದು. ಒಳಗೇನೂ ಇಟ್ಟಿರಲಿಲ್ಲ."

"ಬಿಚ್ಚು," ಎಂದಳು ರಾಯ್ನಾ.

ಕಲಿನಾ ಸುತ್ತು ಸುತ್ತಾಗಿ ನೂಲು ಬಿಚ್ಚಿದಳು. ಎರಡು ವಾರದ ಮಳೆ ಬಿಸಿಲು ಕಂಡ ನೂಲು. ಒಳಗಿನಿಂದ ಅವಳ ಅಂಗೈಗೆ ಬಿದ್ದದ್ದು ಒಂದು ಹಳದಿ ಚೂರು, ಉಗುರಿನಗಲ. ಜೇನುಮೇಣ. ಮಳೆಗೆ ಕರಗದ ವಸ್ತು, ಶಾಯಿ ಇಲ್ಲದೆಯೂ ಬರೆಯಬಹುದಾದ ವಸ್ತು. ಪಿನ್ನಿನ ಮೊನೆಯಿಂದ ಎರಡೂ ಬದಿಗೆ ಸಣ್ಣ ಅಕ್ಷರ ಗೀರಲಾಗಿತ್ತು.

ಕಲಿನಾ ಅದನ್ನು ಬೆಳಕಿಗೆ ಹಿಡಿದು ಓದಿದಳು. ಮೊದಲ ಬದಿಯನ್ನು ಗಟ್ಟಿಯಾಗಿ ಓದಿದಳು.

"ಬದುಕಿದ್ದೀನಿ. ದಿಬ್ಬದ ಗುಂಡಿ."

ಮೂರು ರಾತ್ರಿ ಆ ಮಾತು ರಾಯ್ನಾಳ ಬಾಗಿಲೊಳಗೆ, ಒಲೆಯ ಪಕ್ಕ, ನಾಯಿಯ ಕೊರಳಲ್ಲಿ ಬೆಚ್ಚಗೆ ಕೂತಿತ್ತು. ಅವಳು ಅದರ ಮೇಲೆಯೇ ಕೈಯಾಡಿಸಿ ಮುದ್ದು ಮಾಡಿದ್ದಳು. ರಾಯ್ನಾ ಮರದ ಬೊಡ್ಡೆ ಹಿಡಿದು ನಿಂತಳು.

ಕಲಿನಾ ಚೂರನ್ನು ತಿರುಗಿಸಿದಳು. ಈ ಸಲ ದನಿ ಕುಗ್ಗಿತ್ತು.

"ಏಣಿ ಎಳೆದದ್ದು ಬೊರಿಲ್ ಮತ್ತು..."

"ಮತ್ತು?"

"ಅಷ್ಟೇ. ಜಾಗ ಮುಗಿದಿದೆ." ಅವಳು ಕೊಂಬೆಯತ್ತ ನೋಡಿದಳು. "ಮುಂದಿನದು ಕೆಂಪು ಗೊಂಬೆಯಲ್ಲಿರತ್ತೆ. ಕೆಂಪು ಗೊಂಬೆ ಎಲ್ಲಿ, ಚಿಕ್ಕಮ್ಮ?"

"ಬೆಳಿಗ್ಗೆ ಇತ್ತು."

"ಬೆಳಿಗ್ಗೆಯಿಂದ ಯಾರು ಬಂದಿದ್ರು ಇಲ್ಲಿಗೆ?"

"ಪ್ಲಾಮೆನ್ ಬಂದಿದ್ದ. ಆಮೇಲೆ ಬೊರಿಲ್. ನಾನೇ..." ರಾಯ್ನಾ ಕತ್ತರಿಸಿದ ಹುರಿಯ ತುದಿಯನ್ನು ಮುಟ್ಟಿದಳು. "ನಾನೇ ಅವನಿಗೆ ಇದನ್ನ ತೋರಿಸಿದೆ."

ಕಲಿನಾ ಮೇಣದ ಚೂರನ್ನು ಮುಷ್ಟಿಯಲ್ಲಿ ಮುಚ್ಚಿದಳು. ಅವಳ ಕಣ್ಣಲ್ಲಿ ಈಗ ನೀರಿರಲಿಲ್ಲ.

"ಅವನಿಗೆ ತೋರಿಸಿದ್ರಿ," ಎಂದಳು. "ನನಗಿಂತ ಮೊದಲು."

ರಾಯ್ನಾ ಫೋನು ತೆಗೆದು ಪ್ಲಾಮೆನ್‌ನ ಹೆಸರಿನ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಮಗಳಿಗೆ ವರದಿಯ ವಿಷಯ ಹೇಳಬೇಡಿ ಎಂದವನು ಅವನು. ಇಪ್ಪತ್ತಾರು ಎಂದು ಬರೆದುಕೊಂಡವನೂ ಅವನೇ. ಕರುಣೆಯಿಂದ ಹೇಳಿದನೋ, ಬೇರೆ ಕಾರಣಕ್ಕೋ? ಆ 'ಮತ್ತು' ಎಂಬ ಮಾತಿನ ಮುಂದೆ ಯಾವ ಹೆಸರು ಬೇಕಾದರೂ ಇರಬಹುದಿತ್ತು. ಅವಳು ಫೋನನ್ನು ಜೇಬಿಗೆ ಹಾಕಿಕೊಂಡಳು.

ಗುಡ್ಡದ ದಾರಿಯಲ್ಲಿ ಜೀಪೊಂದು ಮೇಲೇರುವ ಸದ್ದು ಕೇಳಿತು. ಆ ದಾರಿಯಲ್ಲಿ ಮಿಂಚೋ ತಾತನ ಮನೆ ಬಿಟ್ಟರೆ ಬೇರೆ ಮನೆಯಿಲ್ಲ.

ನಾಯಿ ಎದ್ದು ನಿಂತಿತು. ಗೇಟಿನ ಬಳಿ ಹೋಗಿ, ಹಲಗೆಯ ಮೇಲೆ ಪಂಜ ಇಟ್ಟು ಕೆರೆಯತೊಡಗಿತು. ಒಮ್ಮೆ ಕೆರೆದು, ತಿರುಗಿ ರಾಯ್ನಾಳನ್ನು ನೋಡಿ, ಮತ್ತೆ ಕೆರೆಯಿತು. ಮೂವತ್ತು ದಿನದ ಬಳಿಕ ಅದೇ ಸದ್ದು.

"ಒಬ್ಬಳೇ ಹೋಗ್ತೀನಿ," ಎಂದಳು ಕಲಿನಾ. "ನೀವು ಜೊತೆಗೆ ಬರೋದು ನಂಗೆ ಬೇಕಿಲ್ಲ."

"ಗೊತ್ತು," ಎಂದಳು ರಾಯ್ನಾ.

ಗೇಟಿನ ಚಿಲಕ ತೆಗೆದು, ನಾಯಿ ಮತ್ತು ಕಲಿನಾಳ ಹಿಂದೆ ಅವಳೂ ನಡೆದಳು.